ದನಿ ಕಬಡ್ಡಿಗೆ ಜಾಗ ಹುಡುಕಿದ ನಾಗರತ್ನಾ

ನಾಗರತ್ನಾಗೆ ಕಣ್ಣು ಹೋದದ್ದು ದಡಾರದಿಂದ. ಆಗ ಅವಳಿನ್ನೂ ಮಾತು ಕಲಿಯುತ್ತಿದ್ದ ಕೂಸು. ನೋಡಿದ್ದು ಯಾವುದೂ ನೆನಪಿನಲ್ಲಿ ಉಳಿದಿಲ್ಲ. ಹಾಗಾಗಿ ಏನನ್ನೋ ಕಳೆದುಕೊಂಡ ದುಃಖ ಅವಳಿಗಿಂತ ಹೆಚ್ಚಾಗಿ ಅವಳ ತಾಯಿ ಹನುಮವ್ವನಿಗೇ ಇತ್ತು. ಇಂಡಿ ಕಡೆಯಿಂದ ಗೌಂಡಿ ಕೆಲಸಕ್ಕೆಂದು ಮುಂಬೈಗೆ ಬಂದ ಅಪ್ಪ ಖಂಡಪ್ಪ ಧಾರಾವಿಯಲ್ಲಿ ಬಿಡಾರ ಹೂಡಿದ್ದ. ಹನುಮವ್ವ ಪಕ್ಕದ ಓಣಿಯ ಚರ್ಮದ ಕಾರಖಾನೆಯಲ್ಲಿ ಚೀಲಗಳಿಗೆ ಅಂಟು ಹಚ್ಚುವ ಕೆಲಸಕ್ಕೆ ಹೋಗುತ್ತಿದ್ದಳು. ಮಗಳನ್ನು ಕಾಯುವ ಪಾಳಿ ಅಣ್ಣ ಕಾಶಿನಾಥನದು. ಅವನಿಗೋ ಕಬಡ್ಡಿಯ ಹುಚ್ಚು. ತಂಗಿಯನ್ನು ಒಬ್ಬಳನ್ನೇ ಬಿಡುವಂತಿಲ್ಲ, ಆಟವನ್ನೂ ಬಿಡುವಂತಿಲ್ಲ. ಕೈ ಹಿಡಿದು ಬಯಲಿಗೆ ಕರೆದೊಯ್ದು, ಗೆರೆಯ ಪಕ್ಕ ಒಂದು ಇಟ್ಟಿಗೆಯ ಮೇಲೆ ಕೂಡಿಸಿ ಆಡಲು ಇಳಿಯುತ್ತಿದ್ದ.

ಕಬಡ್ಡಿ ಕಿವಿಗೂ ಸಿಗುವ ಆಟ. ಎದುರಾಳಿಗಳ ಅಂಗಳಕ್ಕೆ ಸವಾರಿಗೆ ಹೊರಟವನ ಉಸಿರುಗಟ್ಟಿದ ಜಪ, ಎದುರು ಪಾಳೆಯದವರ ಹೆಜ್ಜೆ ಸರಿದಾಡುವ ಸದ್ದು, ಹಿಡಿದಾಗಿನ ಧಡಲ್ ಎಂಬ ಬೀಳು, ಆಮೇಲಿನ ಜಗಳ. ಕೇಳುತ್ತ ಕೇಳುತ್ತ ನಾಗರತ್ನಾಗೆ ಒಂದು ಗುಟ್ಟು ಹೊಳೆಯಿತು. ಸವಾರಿಯವನು ತಿರುಗಿ ಓಡುವ ಮೊದಲು ಅವನ ದನಿ ಒಂದು ಎಳೆ ಮೇಲಕ್ಕೇರುತ್ತದೆ. ಅವನಿಗೇ ಅದು ತಿಳಿದಿರುವುದಿಲ್ಲ. ಅವಳು ಇಟ್ಟಿಗೆಯ ಮೇಲೆ ಕುಳಿತೇ "ಹೊಂಟ, ಹೊಂಟ, ಹಿಡೀರಿ!" ಎಂದು ಕೂಗಿಬಿಡುತ್ತಿದ್ದಳು. ಎದುರು ತಂಡದವರು ಕಾಶಿನಾಥನ ಮೇಲೆ ಹರಿಹಾಯುತ್ತಿದ್ದರು. ಅವಳನ್ನು ಆಡಿಸಬೇಕೆಂದು ಮಾತ್ರ ಯಾರಿಗೂ ತೋಚಲಿಲ್ಲ. ಅವಳೂ ಕೇಳಲಿಲ್ಲ. ತನಗಾಗಿ ಉಳಿದವರು ನಿಧಾನ ಮಾಡುವುದು ಅವಳಿಗೆ ಮೊದಲಿನಿಂದಲೂ ಸೇರದು.

ಅಂಧರ ಶಾಲೆ ಮುಗಿಸಿ, ಓದುವ ತಂತ್ರಾಂಶ ಹಾಕಿದ ಕಂಪ್ಯೂಟರ್ ಕಲಿತು, ಫೋರ್ಟಿನ ಒಂದು ಬ್ಯಾಂಕಿನಲ್ಲಿ ಟೆಲಿಫೋನ್ ಆಪರೇಟರ್ ಆದಳು. ಮನೆ ಅಷ್ಟು ಹೊತ್ತಿಗೆ ಚಾಳಿನಿಂದ ಧಾರಾವಿ ಅಂಚಿನ ಒಂದು ಬಿಲ್ಡಿಂಗಿನ ನಾಲ್ಕನೆಯ ಮಾಳಿಗೆಗೆ ಏರಿತ್ತು. ಬೆಳಿಗ್ಗೆ ಸಾಯನ್ನಿನಿಂದ ಲೋಕಲ್ ಹಿಡಿದು ಅಂಗವಿಕಲರ ಡಬ್ಬಿಯಲ್ಲಿ ಹೋಗುವುದು, ಸಂಜೆ ಅದರಲ್ಲೇ ಬರುವುದು. ವರ್ಷಗಳು ಹಾಗೇ ಹೋದವು. ಆಮೇಲೆ ಬ್ಯಾಂಕಿನವರು "ಹಿಂದಿಗಾಗಿ ಎರಡು ಒತ್ತಿ" ಎನ್ನುವ ಯಂತ್ರ ತಂದರು. ಅದನ್ನು ಜೋಡಿಸಲು ಬಂದ ಎಂಜಿನಿಯರನೇ ಸಂದೀಪ.

ಸಂದೀಪ ಚೆಂಬೂರಿನವನು. ಅಪ್ಪ ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರು. ಮನೆಯಲ್ಲಿ ತುಳು, ಹೊರಗೆ ಹಿಂದಿ. ಕನ್ನಡ ಅಳೆದೂ ಸುರಿದೂ ಆಡುತ್ತಿದ್ದ. ಅವಳ ಕೆಲಸ ಕಸಿಯುವ ಯಂತ್ರವನ್ನು ತಾನೇ ಕೂಡಿಸುತ್ತಿದ್ದೇನೆ ಎಂಬ ಮುಜುಗರಕ್ಕೋ ಏನೋ, ಊಟದ ಹೊತ್ತಿಗೆ ಬಂದು ಅವಳ ಪಕ್ಕ ಕೂರುತ್ತಿದ್ದ. ಒಂದು ದಿನ ನಾಗರತ್ನಾ ತನ್ನ ಬಾಲ್ಯದ ಇಟ್ಟಿಗೆಯ ಕಥೆ ಹೇಳಿದಳು. ಸಂದೀಪ ತಿನ್ನುತ್ತಿದ್ದ ಚಪಾತಿ ಕೆಳಗಿಟ್ಟ.

"ಅಂದ್ರೆ ಬರೇ ಸೌಂಡಲ್ಲಿ ಕಬಡ್ಡಿ ಆಡ್ಲಿಕ್ಕೆ ಆಗ್ತದೆ ಅಂತೀಯಾ?"

"ಯಾಕ ಆಗೂದಿಲ್ಲ? ಕಿವಿ ಎರಡು ಅದಾವಲ್ಲ. ಎಡಕ್ಕ ಬಂದ್ನೋ ಬಲಕ್ಕ ಬಂದ್ನೋ ಗೊತ್ತಾಗ್ತೈತಿ."

"ಫೋನಲ್ಲಿ?"

"ಹೆಡ್‌ಫೋನ್ ಹಾಕ್ಕೊಂಡ್ರ ಫೋನಿನ್ಯಾಗೂ ಗೊತ್ತಾಗ್ತೈತಿ."

ಹೀಗೆ ಹುಟ್ಟಿದ್ದು ಫೋನಿನಲ್ಲಿ ಆಡುವ ಅವರ ಆಟ 'ದಮ್'. ಸವಾರಿಗೆ ಹೋಗುವವನು ತನ್ನ ಫೋನಿನಲ್ಲಿ ಕಬಡ್ಡಿ ಕಬಡ್ಡಿ ಎಂದು ನಿಜವಾಗಿಯೂ ಜಪಿಸಬೇಕು. ಹೆಬ್ಬೆರಳಿನಿಂದ ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಸರಿಯಬೇಕು. ಎದುರಿನ ಏಳು ಮಂದಿ ಎಲ್ಲೆಲ್ಲೋ ತಮ್ಮ ತಮ್ಮ ಮನೆಗಳಲ್ಲಿ ಕುಳಿತು ಆ ದನಿ ಯಾವ ಕಡೆಯಿಂದ ಎಷ್ಟು ಹತ್ತಿರ ಬಂತೆಂದು ಕೇಳಿ ಪರದೆ ತಟ್ಟಿ ಹಿಡಿಯಬೇಕು. ಉಸಿರು ಕಡಿದರೆ ಔಟ್. ತೆರೆಯ ಮೇಲೆ ಚಿತ್ರವೆಂಬುದೇ ಇಲ್ಲ. ಪ್ರೋಗ್ರಾಮು ಬರೆದದ್ದು ಸಂದೀಪ. ನಿಯಮ, ಸದ್ದು, ಹೆಜ್ಜೆಯ ದೂರ, ಬೀಳುವ ಶಬ್ದ ಇವೆಲ್ಲ ನಾಗರತ್ನಾಳದ್ದು. ಬೀಳುವ ಶಬ್ದಕ್ಕೆ ಹನುಮವ್ವ ಜೋಳದ ಚೀಲವೊಂದನ್ನು ನೆಲಕ್ಕೆ ಎತ್ತಿ ಹಾಕಿ ಹಾಕಿ ಸೊಂಟ ಹಿಡಿಸಿಕೊಂಡಳು.

ಆಟ ನಡೆಯಬೇಕಾದರೆ ಎಲ್ಲರ ದನಿಯೂ ಒಂದು ಕಡೆ ಸೇರಿ ಅಲ್ಲಿಂದ ಎಲ್ಲರಿಗೂ ಹಂಚಿಕೆಯಾಗಬೇಕು. ಅದಕ್ಕೆ ಸಂದೀಪ ಕ್ಲೌಡಿನಲ್ಲಿ ಒಂದು ಸಣ್ಣ ಯಂತ್ರ ಬಾಡಿಗೆಗೆ ಹಿಡಿದಿದ್ದ. ಹೆಸರಿಗೆ ಮೋಡ. ವಿಷಯ ಮಾತ್ರ ನೆಲದ ಮೇಲಿನದೇ. ಯಾವುದೋ ಕಟ್ಟಡದೊಳಗೆ ಸಾಲುಸಾಲಾಗಿ ಜೋಡಿಸಿದ ಕಂಪ್ಯೂಟರುಗಳು. ಬೇಕಾದಷ್ಟು ಬಾಡಿಗೆಗೆ ಹಿಡಿಯುವುದು, ಸಾಕಾದಾಗ ಬಿಟ್ಟುಕೊಡುವುದು. ಖಂಡಪ್ಪನಿಗೆ ಇದನ್ನು ಹೇಳಿದಾಗ ಅವನಿಗೆ ಥಟ್ಟನೆ ತಿಳಿಯಿತು. "ಐರೋಲಿ ಕಡೆ ಅಂಥಾ ಬಿಲ್ಡಿಂಗಿಗೆ ನಾ ಸ್ಲ್ಯಾಬ್ ಹಾಕೀನಲ್ಲ. ಒಂದ ಕಿಡಕಿ ಇಲ್ಲ ಅದಕ್ಕ. ಮಂದಿ ಇರೂದಲ್ಲ, ಮಷೀನ್ ಇರೂದು ಅಂದ್ರು" ಎಂದ.

ಮೊದಮೊದಲು ಆಡುತ್ತಿದ್ದವರು ಡಬ್ಬಿಯ ಗೆಳೆಯರು, ಶಾಲೆಯ ಹಳೆಯ ಸಂಗಾತಿಗಳು. ಎಲ್ಲರ ಹೆಸರೂ ಅವಳಿಗೆ ಬಾಯಿಪಾಠ. ಆಮೇಲೆ ಯಾರೋ ಒಬ್ಬ ವಾಟ್ಸ್ಯಾಪಿನಲ್ಲಿ ಆಟದ ದನಿಯ ತುಣುಕೊಂದನ್ನು ಹಂಚಿದ. ಪುಣೆ, ನಾಗಪುರ, ಹುಬ್ಬಳ್ಳಿಯ ಅಂಧಶಾಲೆಗಳಿಂದ ಹುಡುಗ ಹುಡುಗಿಯರು ಬಂದರು. ಕಣ್ಣಿದ್ದವರೂ ಬಂದು ಸೋತು, ಹಟ ಹಿಡಿದು ಮತ್ತೆ ಬಂದರು. ಒಂದು ಭಾನುವಾರ ಸಂಜೆ ಪಂದ್ಯಾವಳಿ ಇಡೋಣವೆಂದು ಇಬ್ಬರೂ ಸಾರಿದರು. ಅಂದು ಬಂದ ಜನಕ್ಕೆ ಲೆಕ್ಕವಿಲ್ಲ. ಬಾಡಿಗೆಯ ಸಣ್ಣ ಯಂತ್ರ ಏದುಸಿರು ಬಿಡತೊಡಗಿತು. ದನಿ ಹಿಂದೆ ಬಿತ್ತು. ಎದುರಿನವರು ತಟ್ಟುವ ಹೊತ್ತಿಗೆ ಸವಾರಿಯವನು ಅಲ್ಲಿರಲೇ ಇಲ್ಲ.

ಘಾಟ್ಕೋಪರಿನ ತಿಲಕ್ ಈ ಆಟದ ಅತ್ಯುತ್ತಮ ಆಟಗಾರ. ಅವನು ಹುಟ್ಟು ಕುರುಡ. ಸ್ಟೇಶನ್ನಿನ ಹೊರಗೆ ಮೊಬೈಲ್ ಕವರುಗಳ ಸಣ್ಣ ಅಂಗಡಿ. ಅವನು ಫೋನ್ ಮಾಡಿ ಕೂಗಾಡಿದ. "ನಾಗುತಾಯಿ, ನಾನು ಲೈನ್ ದಾಟಿ ವಾಪಸ್ ಬಂದು, ಚಹಾ ಕುಡ್ದು, ಕಪ್ ತೊಳ್ದೆ. ಆಮೇಲೆ ನಿಮ್ಮ ಗೇಮು ನಾನು ಔಟ್ ಅಂತ ಹೇಳ್ತು. ಇದೇನು ಕಬಡ್ಡೀನಾ, ಸರ್ಕಾರಿ ಆಫೀಸಾ?"

ಕಣ್ಣಿನಿಂದ ಆಡುವ ಆಟದಲ್ಲಿ ಕೊಂಚ ತಡವಾದರೆ ಚಿತ್ರ ತೊದಲುತ್ತದೆ, ಜನ ಸಹಿಸುತ್ತಾರೆ. ಕಿವಿಯ ಆಟದಲ್ಲಿ ಅಂಗಳವೇ ದನಿ. ದನಿ ತಡವಾದರೆ ಕಾಲ ಕೆಳಗಿನ ನೆಲವೇ ಸರಿದಂತೆ. ಯಂತ್ರದ ಜಾಗ ಬದಲಿಸಲೇಬೇಕೆಂದು ಇಬ್ಬರಿಗೂ ಮನದಟ್ಟಾಯಿತು.

ಮುಂದಿನ ಶನಿವಾರ ಸಂದೀಪನ ಅಪ್ಪನ ಹೋಟೆಲಿನಲ್ಲಿ ಸೇರಿದರು. ಸಂದೀಪನ ಕಾಲೇಜು ಗೆಳೆಯ ಹಿತೇಶ್ ಬಂದಿದ್ದ. ಕಂಪನಿಗಳಿಗೆ ಯಾವ ಕ್ಲೌಡು ಹೊಂದುತ್ತದೆ ಎಂದು ಸಲಹೆ ಕೊಡುವುದೇ ಅವನ ಉದ್ಯೋಗ. ಮಾತು ಚುರುಕು, ಮನುಷ್ಯ ಒಳ್ಳೆಯವನು. ದೋಸೆ ಬರುವ ಮೊದಲೇ ಮೂರು ದಾರಿ ಬಿಡಿಸಿಟ್ಟ.

ಮೊದಲನೆಯದು, ನವಿ ಮುಂಬೈಯಲ್ಲಿ ಒಂದು ದೊಡ್ಡ ಯಂತ್ರವನ್ನೇ ತಿಂಗಳ ಬಾಡಿಗೆಗೆ ಹಿಡಿಯುವುದು. ಹತ್ತಿರ, ಅಗ್ಗ. ಆದರೆ ಅದಕ್ಕೆ ಹಿಡಿಸುವಷ್ಟೇ ಜನ. ಒಬ್ಬ ಹೆಚ್ಚಾದರೂ ಮತ್ತೆ ಹಳೆಯ ಗತಿ. ಎರಡನೆಯದು ಕ್ಯುಮುಲಾ ಎಂಬ ಕಂಪನಿ. ಜನ ಬಂದಂತೆ ಯಂತ್ರಗಳನ್ನು ತಾನೇ ಏರಿಸುತ್ತದೆ, ಹೋದಂತೆ ತಾನೇ ಇಳಿಸುತ್ತದೆ. ಹೊಸಬರಿಗೆ ಒಂದು ವರ್ಷ ರಿಯಾಯಿತಿ ಬೇರೆ. ಮೂರನೆಯದು ಹಬ್‌ನೆಸ್ಟ್ ಎಂಬ ಸಣ್ಣ ಕಂಪನಿ. ಅದರ ಯಂತ್ರಗಳೂ ಮುಂಬೈಯಲ್ಲೇ ಇವೆ, ಆದರೆ ತಾನಾಗಿ ಏರಿಳಿಯುವ ವ್ಯವಸ್ಥೆ ಅಷ್ಟಕ್ಕಷ್ಟೆ. ಹೊಸ ಯಂತ್ರ ಎದ್ದು ನಿಲ್ಲುವಷ್ಟರಲ್ಲಿ ಒಂದು ಪಂದ್ಯವೇ ಮುಗಿದಿರುತ್ತದೆ.

"ಬೋಲನಾ ಕ್ಯಾ ಹೈ, ಕ್ಯುಮುಲಾ," ಎಂದ ಹಿತೇಶ್. "ಸ್ಕೇಲ್ ಆಗೋ ಗೇಮಿಗೆ ಎರಡನೇ ಮಾತೇ ಇಲ್ಲ."

ನಾಗರತ್ನಾ ಮೊದಲನೆಯದನ್ನು ಬಿಟ್ಟು ಉಳಿದೆರಡಕ್ಕೂ ಪರೀಕ್ಷೆಯ ಖಾತೆ ಮಾಡಿಸಿ ಕೊಡಲು ಹೇಳಿದಳು. ಮನೆಯಲ್ಲಿ ಎರಡು ಫೋನು ಇಟ್ಟುಕೊಂಡು, ಒಂದರ ಮುಂದೆ ಚಪ್ಪಾಳೆ ತಟ್ಟಿ, ಮತ್ತೊಂದರಲ್ಲಿ ಅದು ಯಾವಾಗ ಕೇಳುತ್ತದೆ ಎಂದು ನೋಡಿದಳು. ಇಡೀ ವಾರ ಮನೆಯಲ್ಲಿ ಚಪ್ಪಾಳೆಯೇ ಚಪ್ಪಾಳೆ. "ಕೆಳಗಿನ ಮನಿಯವ್ರು ನಮ್ಮಲ್ಲಿ ದಿನಾ ಭಜನಿ ನಡದೈತೇನು ಅಂತ ಕೇಳಾಕತ್ತಾರ" ಎಂದಳು ಹನುಮವ್ವ. ಕ್ಯುಮುಲಾದಲ್ಲಿ ಚಪ್ಪಾಳೆ ತಟ್ಟಿದ ಕೂಡಲೇ ಕೇಳುತ್ತಿತ್ತು. ಹಬ್‌ನೆಸ್ಟ್‌ನಲ್ಲಿ ಒಂದು ಗುಲಗಂಜಿಯಷ್ಟು ತಡ; ಆಟಕ್ಕೆ ಅದು ಅಡ್ಡಿಯಲ್ಲ.

ತೊಡಕು ಬೇರೆಡೆ ಇತ್ತು. ಕ್ಯುಮುಲಾದ ಯಂತ್ರಗಳನ್ನು ನಿಯಂತ್ರಿಸುವ ಪುಟಕ್ಕೆ ಹೋಗಬೇಕಾದರೆ ಒಂದು ಚಿತ್ರದ ಒಗಟು ಬಿಡಿಸಬೇಕು. ಕತ್ತರಿಸಿದ ಚಿತ್ರದ ತುಂಡನ್ನು ಎಳೆದು ಅದರ ಜಾಗದಲ್ಲಿ ಕೂಡಿಸಬೇಕು; ನೀವು ಮನುಷ್ಯರೇ ಎಂದು ಆಗ ಅದು ಒಪ್ಪುತ್ತದೆ. ಸಂದೀಪ ಒಗಟು ಬಿಡಿಸಿಕೊಟ್ಟ ಮೇಲೆ ನಾಗರತ್ನಾ ಒಳಗೆ ಹೋದಳು. ಅವಳ ಓದುವ ತಂತ್ರಾಂಶ "ಬಟನ್. ಬಟನ್. ಗ್ರಾಫಿಕ್. ಬಟನ್" ಎಂದಷ್ಟೇ ಹೇಳಿತು. ಯಾವ ಗುಂಡಿಗೂ ಹೆಸರಿಲ್ಲ. ಹಬ್‌ನೆಸ್ಟ್‌ನಲ್ಲಿ ಒಗಟಿಲ್ಲ, ಫೋನಿಗೆ ಬರುವ ಅಂಕಿ ಹೊಡೆದರೆ ಮುಗಿಯಿತು; ಒಳಗೆ "ಯಂತ್ರ ಸೇರಿಸಿ", "ಯಂತ್ರ ನಿಲ್ಲಿಸಿ" ಎಂದು ಪ್ರತಿಯೊಂದೂ ತನ್ನ ಹೆಸರು ಹೇಳುತ್ತಿತ್ತು.

ಇದನ್ನು ಸಂದೀಪನಿಗೆ ಹೇಳಿದಾಗ ಅವನು ಅದನ್ನು ದೊಡ್ಡ ವಿಷಯವೆಂದು ಬಗೆಯಲಿಲ್ಲ. "ಅದೆಲ್ಲ ನಾನು ನೋಡಿಕೊಳ್ತೇನೆ ಮಾರಾಯ್ತಿ. ನೀನು ಒಳಗೆ ಹೋಗ್ಲಿಕ್ಕೇ ಬೇಡ. ಬೇಕಾದ್ರೆ ನಿನಗೆ ಮೂರು ಕಮಾಂಡ್ ಬರೆದು ಕೊಡ್ತೇನೆ, ಟೈಪ್ ಮಾಡಿದ್ರೆ ಮೆಷಿನ್ ರೀಸ್ಟಾರ್ಟ್ ಆಗ್ತದೆ."

ಬೇಡವೆಂಬ ಮಾತು ಅವಳ ನಾಲಿಗೆ ತುದಿಯವರೆಗೆ ಬಂದಿತ್ತು. ಆದರೆ ಹಿತೇಶನಂಥ ತಿಳಿದವನು ಒಳ್ಳೆಯದೆಂದದ್ದನ್ನು, ತನ್ನ ಒಬ್ಬಳ ತೊಂದರೆಗಾಗಿ ಎಲ್ಲರೂ ಬಿಡುವುದೇ? ಗೆರೆಯ ಪಕ್ಕ ಕುಳಿತ ಕೂಸಿನ ಹಳೆಯ ಸಂಕೋಚವೇ ಮತ್ತೆ ತಲೆಯೆತ್ತಿತು. "ನಡೀತೈತಿ ಬಿಡು," ಎಂದುಬಿಟ್ಟಳು.

ಕ್ಯುಮುಲಾದಲ್ಲಿ ಆಟ ಹೂವೆತ್ತಿದ ಹಾಗೆ ನಡೆಯಿತು. ಎಷ್ಟು ಜನ ಬಂದರೂ ದನಿ ಅಲುಗಲಿಲ್ಲ. ಸಂದೀಪ ಕೊಟ್ಟ ಕಮಾಂಡುಗಳೂ ಕೆಲಸ ಮಾಡಿದವು. ನಾಗರತ್ನಾ ತನ್ನ ಅನುಮಾನಕ್ಕೆ ತಾನೇ ನಕ್ಕಳು. ಬೇಸಿಗೆಯ ದೊಡ್ಡ ಪಂದ್ಯಾವಳಿಗೆ ದಿನ ಗೊತ್ತುಮಾಡಿದರು. ಅಷ್ಟರಲ್ಲಿ ಸಂದೀಪನ ಸೋದರಮಾವನ ಮಗಳ ಮದುವೆ ಉಡುಪಿಯಲ್ಲಿ ನಿಶ್ಚಯವಾಯಿತು; ಮರಳುವ ರೈಲು ಪಂದ್ಯಾವಳಿಯ ದಿನವೇ. "ಫೋನಲ್ಲಿ ಇರ್ತೇನೆ, ಟೆನ್ಶನ್ ಬೇಡ," ಎಂದು ಹೇಳಿ ಹೋದ.

ಪಂದ್ಯಾವಳಿಯ ಭಾನುವಾರ ಮಧ್ಯಾಹ್ನ ಮೊದಲ ಸುತ್ತು ಶುರುವಾಯಿತು. ತಿಲಕ್ ಸವಾರಿಗೆ ಹೊರಟಿದ್ದ. ಅವನ ಜಪ ಎಡದಿಂದ ನಡುವಿಗೆ ಬಂದಿತು, ಮತ್ತೆ ಒಮ್ಮೆಲೇ ಇಲ್ಲವಾಯಿತು. ನಾಗರತ್ನಾ ಉಸಿರು ಕಡಿಯಿತೇನೋ ಎಂದುಕೊಂಡಳು. ಆದರೆ ಹೆಜ್ಜೆಗಳೂ ಇಲ್ಲ, ಗದ್ದಲವೂ ಇಲ್ಲ. ಮರುಕ್ಷಣವೇ ಫೋನಿಗೆ ಸಂದೇಶಗಳು ದಬದಬನೆ ಬೀಳತೊಡಗಿದವು. ಇಡೀ ಆಟವೇ ನಿಂತಿತ್ತು.

ಸಂದೀಪನಿಗೆ ಫೋನ್ ಹಚ್ಚಿದಳು. ಹತ್ತಲಿಲ್ಲ. ಮತ್ತೆ ಹಚ್ಚಿದಳು. ಕೊಂಕಣ ರೈಲ್ವೆಯ ಗುಡ್ಡಗಳ ನಡುವೆ, ಒಂದು ಸುರಂಗ ಮುಗಿಯುವಷ್ಟರಲ್ಲಿ ಇನ್ನೊಂದು. ನೆಟ್‌ವರ್ಕಿಗೆ ಪುರುಸೊತ್ತೇ ಇಲ್ಲ. ಹಿತೇಶನ ಫೋನು ಬಂದ್ ಆಗಿತ್ತು. ಗುಪ್ತ ಸಂಕೇತದ ಕೀಲಿಯೊಂದಿಗೆ ಸಂದೀಪ ಕೊಟ್ಟಿದ್ದ ಕಮಾಂಡು ಟೈಪ್ ಮಾಡಿದಳು. "ಕೀಲಿಯ ಅವಧಿ ಮುಗಿದಿದೆ. ಹೊಸ ಕೀಲಿಗಾಗಿ ಪುಟಕ್ಕೆ ಹೋಗಿ" ಎಂದು ಕಂಪ್ಯೂಟರ್ ಹೇಳಿತು. ಪುಟದ ಬಾಗಿಲಿನಲ್ಲಿ ಅದೇ ಒಗಟು.

ಹನುಮವ್ವ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು. "ಯವ್ವಾ, ಲಗೂ ಬಾ ಇಲ್ಲಿ" ಎಂದು ಕರೆದಳು ನಾಗರತ್ನಾ.

"ನಂಗೇನ ಓದಾಕ ಬರ್ತೈತೇ ತಾಯಿ?"

"ಓದೂದು ನಾ ಓದ್ತೀನಿ. ನೀ ನೋಡು ಸಾಕು. ಚಿತ್ರ ಕಾಣಸ್ತೈತೇನು?"

ಹನುಮವ್ವ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಬಂದು ಕೂತಳು. "ಬೆಟ್ಟ ಐತಿ. ಒಂದ ಮರ. ಬೆಟ್ಟದ ನಡುವ ಒಂದು ತೂತು ಬಿದ್ದೈತಿ."

"ಆ ತೂತಿನಾಗ ಕೂಡೂ ತುಂಡು ಎಡಕ್ಕ ಇರ್ತೈತಿ. ಇದರ ಮ್ಯಾಲ ಕೈ ಇಡು. ಒತ್ತಿ ಹಿಡದು ಮೆಲ್ಲಕ ಸರಸು."

ಚರ್ಮದ ಚೀಲಗಳಿಗೆ ಕೂದಲೆಳೆ ತಪ್ಪದಂತೆ ಅಂಟು ಹಚ್ಚಿದ ಕೈ ಅದು. ಆದರೆ ಮೌಸು ಹಿಡಿದದ್ದು ಅದೇ ಮೊದಲು. ತುಂಡು ತೂತನ್ನು ದಾಟಿ ಹೋಯಿತು. ಹೊಸ ಚಿತ್ರ ಬಂತು. ಈ ಸಲ ಹಡಗು. ಅದೂ ತಪ್ಪಿತು. "ಕೈ ಬಿಟ್ಟಿ ನೀ. ಕೂಡೂತನಕ ಬಿಡಬ್ಯಾಡ" ಎಂದಳು ನಾಗರತ್ನಾ. "ಒದರಬ್ಯಾಡ ನೀ, ನಂಗ ಗಾಬರಿ ಆಗ್ತೈತಿ" ಎಂದಳು ತಾಯಿ. ಆಮೇಲೆ ಒಂದು ಬೆಕ್ಕು ಬಂತು. ಹನುಮವ್ವನಿಗೆ ಬೆಕ್ಕು ಒಲಿಯಿತು. ತುಂಡು ಕೂತಿತು, ಬಾಗಿಲು ತೆರೆಯಿತು.

"ಈಗೇನ ಕಾಣಸ್ತೈತಿ ಹೇಳು."

"ಸಣ್ಣ ಸಣ್ಣ ಚಿತ್ರ ಅದಾವು. ಒಂದು ಗಾಲಿ ಇದ್ದಂಗ ಐತಿ, ಹಲ್ಲಿಂದು. ಒಂದು ಕಸದ ಬುಟ್ಟಿ. ಒಂದು ಬಾಣ ತನ್ನ ಬಾಲಾನ ತಾ ಹಿಡಿಯಾಕ ಹೊಂಟಂಗ ದುಂಡಗ ಸುತ್ತೈತಿ. ಮ್ಯಾಲ ಕೆಂಪ ಚುಕ್ಕಿ."

ಕಸದ ಬುಟ್ಟಿಯೆಂದರೆ ಅಳಿಸುವುದು, ಅದನ್ನು ಮುಟ್ಟುವಂತಿಲ್ಲ. ಸುತ್ತಿದ ಬಾಣವೆಂದರೆ ಮತ್ತೆ ಆರಂಭಿಸುವುದೇ ಇರಬೇಕು. "ಆ ಬಾಣಾ ಒತ್ತು" ಎಂದಳು. ಹನುಮವ್ವ ದೇವರನ್ನು ನೆನೆದು ಒತ್ತಿದಳು. ಅದು ಪುಟವನ್ನು ಹೊಸದಾಗಿ ತೆರೆಯುವ ಬಾಣ. ಪುಟ ಮಾಯವಾಗಿ, ಒಗಟು ಮತ್ತೆ ಎದುರು ಬಂದು ನಿಂತಿತು.

ತಾಯಿಗೆ ಕಣ್ಣಿತ್ತು, ಅಕ್ಷರವಿರಲಿಲ್ಲ. ಮಗಳಿಗೆ ಅಕ್ಷರವಿತ್ತು, ಕಣ್ಣಿರಲಿಲ್ಲ. ಇಬ್ಬರೂ ಸೇರಿದರೆ ಒಬ್ಬ ಮನುಷ್ಯನಾದಾರೆಂದು ಕ್ಯುಮುಲಾ ಎಣಿಸಿರಲಿಲ್ಲ. ಇನ್ನೊಮ್ಮೆ ಊಹೆಯ ಮೇಲೆ ಒತ್ತಿ ಆಟವನ್ನೇ ಅಳಿಸಿಬಿಟ್ಟರೆ ಎಂದು ಹೆದರಿ ನಾಗರತ್ನಾ ಲ್ಯಾಪ್‌ಟಾಪ್ ಮುಚ್ಚಿ, ಗುಂಪಿಗೆ ದನಿ ಸಂದೇಶ ಕಳಿಸಿದಳು: ಆಟ ನಿಂತಿದೆ, ಯಾವಾಗ ಶುರುವಾದೀತೋ ತನಗೆ ಗೊತ್ತಿಲ್ಲ, ತಪ್ಪು ತಮ್ಮದು. ಹುಬ್ಬಳ್ಳಿಯ ಶಾಲೆಯವರು ಮಕ್ಕಳನ್ನೆಲ್ಲ ಒಂದು ಹಾಲಿನಲ್ಲಿ ಕೂಡಿಸಿಕೊಂಡು ಕಾಯುತ್ತಿದ್ದರು. ಅವರ ಮೇಷ್ಟ್ರು "ಪರವಾಗಿಲ್ರಿ" ಎಂದದ್ದು ಅವಳಿಗೆ ಬೈದದ್ದಕ್ಕಿಂತ ಹೆಚ್ಚು ನೋವು ಕೊಟ್ಟಿತು. ರತ್ನಾಗಿರಿ ದಾಟಿದ ಮೇಲೆ ಸಂದೀಪನಿಗೆ ನೆಟ್‌ವರ್ಕು ಸಿಕ್ಕು, ಅವನು ರೈಲಿನಲ್ಲಿ ಕುಳಿತೇ ಯಂತ್ರ ಎಬ್ಬಿಸಿದ. ಅಷ್ಟು ಹೊತ್ತಿಗೆ ಅರ್ಧಕ್ಕರ್ಧ ಮಂದಿ ಎದ್ದು ಹೋಗಿದ್ದರು.

ಎರಡು ದಿನ ಬಿಟ್ಟು ಸಂಜೆ ನಾಗರತ್ನಾ, ಸಂದೀಪ ಇಬ್ಬರೂ ಮಾಟುಂಗದ ಫೈವ್ ಗಾರ್ಡನ್ಸ್‌ನ ಕಲ್ಲುಬೆಂಚಿನ ಮೇಲೆ ಕೂತರು. ಸಂದೀಪ ಮದುವೆಯ ಲಾಡು ತಂದಿದ್ದ. ಡಬ್ಬ ಯಾರೂ ತೆರೆಯಲಿಲ್ಲ. ಕ್ಯುಮುಲಾ ಬಿಡೋಣವೆಂದು ನಾಗರತ್ನಾ ಆಗಲೇ ಹೇಳಿಯಾಗಿತ್ತು.

"ನಾನು ಟ್ರೇನಲ್ಲಿದ್ದೆ ನಾಗು. ಅದು ನನ್ನ ತಪ್ಪಾ?"

"ನಿನ್ನ ತಪ್ಪು ಅಂತ ನಾ ಅಂದಿಲ್ಲ."

"ಹೇಳ್ದೆ ಇದ್ರೂ ಹಾಗೇ ಕೇಳ್ತದೆ. ಒಂದೇ ಒಂದು ಸಲ ಆಯ್ತು. ಕೀಲಿಯ ಡೇಟು ನಾನು ಉದ್ದ ಮಾಡಿ ಇಡ್ತೇನೆ, ಮುಗೀತಲ್ಲ. ಇಷ್ಟಕ್ಕೇ ಎಲ್ಲ ಶಿಫ್ಟ್ ಮಾಡುವುದಾ? ನಿನಗೆ ನನ್ನ ಮೇಲೆ ನಂಬಿಕೆ ಇಲ್ವಾ?"

ಜಗಳವಾಡಿ ನಾಗರತ್ನಾಗೆ ರೂಢಿಯಿರಲಿಲ್ಲ. ಒಪ್ಪಿಕೊಂಡು ಸುಮ್ಮನಾಗುವುದೇ ರೂಢಿ.

"ನಂಬಿಕಿ ಪ್ರಶ್ನಿ ಅಲ್ಲ ಸಂದೀಪ. ಕೀಲಿ ನಿನ್ನೊಬ್ಬನ ಕಡೆ ಇದ್ರ, ನೀ ಸುರಂಗದಾಗ ಹೊಕ್ಕಾಗೆಲ್ಲ ಆಟಾನೂ ಸುರಂಗದಾಗ ಹೋಗ್ತೈತಿ. ಆವತ್ತ ನಾ ನಡೀತೈತಿ ಅಂದೆ. ನಡೀತಿರಲಿಲ್ಲ. ನಂಗ ಗೊತ್ತಿತ್ತು, ಅಂದ್ರೂ ಅಂದೆ."

"ಮತ್ತೆ ಯಾಕೆ ಅಂದದ್ದು?"

"ನನ್ನ ಸಲುವಾಗಿ ಎಲ್ಲಾರೂ ಕಡಿಮಿದಕ್ಕ ಒಪ್ಪಬೇಕಲ್ಲ ಅಂತ. ಆದ್ರ ವಿಚಾರ ಮಾಡಿದೆ. ಈ ಆಟ ಆಡೂವರೆಲ್ಲ ನನ್ನಂಗ ಇರೂವರು. ಕಣ್ಣಿಲ್ಲದವರ ಆಟಕ್ಕ ಕಣ್ಣಿದ್ದವರ ಕೈಯಾಗಷ್ಟ ಕೀಲಿ ಅಂದ್ರ, ನಾ ಮತ್ತ ಗೆರಿ ಹೊರಗ ಕುಂತಂಗ ಆತು. ನಂದೂ ಅರ್ಧ ಆಟ ಐತಿ. ಈ ಸಲ ಆರಿಸೂದು ನಾ ಆರಿಸ್ತೀನಿ."

ಮಕ್ಕಳು ಬೆಂಚಿನ ಹಿಂದೆ ಸೈಕಲ್ಲು ಓಡಿಸುತ್ತಿದ್ದರು. ಸಂದೀಪನಿಗೆ ಕೋಪ ಬಂದಿತ್ತೆಂದು ಅವಳಿಗೆ ಅವನ ಉಸಿರಿನಿಂದಲೇ ತಿಳಿಯಿತು. ಆ ಕೋಪ ಇಳಿಯಲು ಒಂದು ವಾರ ಹಿಡಿಯಿತು. ಅವನು ಅಂದು ಲಾಡಿನ ಡಬ್ಬ ಅವಳ ಕೈಗಿಟ್ಟು "ಮನೆಯಲ್ಲಿ ಕೊಡು" ಎಂದು ಹೇಳಿ ಹೋದ.

ಒಗಟು ತೆಗೆಯಿರಿ, ಗುಂಡಿಗಳಿಗೆ ಹೆಸರಿಡಿ ಎಂದು ಕ್ಯುಮುಲಾಕ್ಕೆ ಅವಳೇ ಪತ್ರ ಬರೆದಳು. "ನಿಮ್ಮ ಸಲಹೆಯನ್ನು ಸಂಬಂಧಪಟ್ಟ ವಿಭಾಗಕ್ಕೆ ಕಳಿಸಲಾಗಿದೆ" ಎಂಬ ಸೌಜನ್ಯದ ಉತ್ತರ ಬಂತು, ಬೇರೇನೂ ಬರಲಿಲ್ಲ. ಅವಳು ಹಬ್‌ನೆಸ್ಟ್‌ನ ಖಾತೆ ತೆರೆದು ಕೂತಳು. ಅದರ ಕುಂದೇನು? ಗದ್ದಲವಾದಾಗ ಹೊಸ ಯಂತ್ರ ಏಳುವುದು ತಡ. ಆದರೆ ತಮ್ಮ ಆಟದಲ್ಲಿ ಗದ್ದಲ ಯಾವಾಗ? ಕಂಡಕಂಡಾಗ ಬರುವ ಗಿರಾಕಿಯ ಹೋಟೆಲಲ್ಲ ಇದು. ಪಂದ್ಯಾವಳಿಯ ದಿನ ಗೊತ್ತಿರುತ್ತದೆ, ಹೊತ್ತು ಗೊತ್ತಿರುತ್ತದೆ, ಯಾವ ಶಾಲೆಯವರು ಬರುತ್ತಾರೆಂದೂ ಗೊತ್ತಿರುತ್ತದೆ. ಅವಸರಕ್ಕೆ ಏಳುವ ಯಂತ್ರವೇ ಏಕೆ ಬೇಕು? ಮೊದಲೇ ಎಬ್ಬಿಸಿಟ್ಟರಾಯಿತು. ಉಳಿದ ದಿನಗಳಿಗೆ ಒಂದೋ ಎರಡೋ ಸಾಕು.

ಇದನ್ನು ಕೇಳಿ ಹಿತೇಶ್ ನಕ್ಕ, ಆದರೆ ಅಲ್ಲಗಳೆಯಲಿಲ್ಲ. "ಟೆಕ್ನಿಕಲಿ ಸ್ವಲ್ಪ ಹಳೇ ಕಾಲದ ಮೆಥಡ್ಡು. ಚಲೇಗಾ. ಆದ್ರೆ ಗೇಮು ತುಂಬಾ ದೊಡ್ಡದಾದ್ರೆ ಮತ್ತೆ ಯೋಚಿಸಬೇಕಾಗ್ತದೆ, ಹಾಂ."

"ಅಷ್ಟು ದೊಡ್ಡದಾಗಲಿ. ಆವಾಗ ವಿಚಾರ ಮಾಡೂಣಂತ," ಎಂದಳು ನಾಗರತ್ನಾ.

ಸಂದೀಪ ಮುನಿಸು ಬಿಟ್ಟು ಬಂದು ಆಟವನ್ನು ಹಬ್‌ನೆಸ್ಟ್‌ಗೆ ಸಾಗಿಸಿದ. ಸುಳ್ಳು ಆಟಗಾರರನ್ನು ಸೃಷ್ಟಿಸಿ ಯಂತ್ರಗಳ ಮೇಲೆ ಹೇರಿ ನೋಡಿದರು. ಮೊದಲ ಸಲ ಮುಗ್ಗರಿಸಿತು. ಯಂತ್ರಗಳು ಎದ್ದಿದ್ದರೂ ಜನರೆಲ್ಲ ಒಂದೇ ಯಂತ್ರಕ್ಕೆ ಮುಗಿಬೀಳುತ್ತಿದ್ದರು. ಹಂಚುವ ಕೆಲಸವನ್ನು ಸಂದೀಪ ಹೊಸದಾಗಿ ಬರೆದ. ಅದಕ್ಕೆ ಅವನ ಎರಡು ವಾರದ ರಜೆಗಳೆಲ್ಲ ಹೋದವು. ಆ ಬಗ್ಗೆ ಅವನು ಗೊಣಗಿದ, ಅವಳು ಕೇಳಿಸಿಕೊಂಡಳು.

ತಪ್ಪಿಹೋದ ಪಂದ್ಯಾವಳಿಯನ್ನು ಮತ್ತೆ ಇಟ್ಟರು. ಆ ಭಾನುವಾರ ಊಟವಾದ ಮೇಲೆ ನಾಗರತ್ನಾ ಲ್ಯಾಪ್‌ಟಾಪಿನ ಮುಂದೆ ಕೂತಳು. ಫೋನಿಗೆ ಬಂದ ಅಂಕಿ ಹೊಡೆದು ಒಳಗೆ ಹೋದಳು. "ಯಂತ್ರ ಸೇರಿಸಿ" ಎಂಬಲ್ಲಿ ಒತ್ತಿದಳು. ಯಂತ್ರಗಳು ಒಂದೊಂದೇ ಏಳುತ್ತ "ಸಿದ್ಧ" ಎನ್ನುವುದನ್ನು ಕಿವಿಯಲ್ಲಿ ಎಣಿಸಿದಳು. ಎಲ್ಲ ಎದ್ದವೆಂದು ಖಾತ್ರಿಯಾದ ಮೇಲೆ ಆಟದ ಬಾಗಿಲು ತೆರೆದಳು. ಸಂದೀಪ ಚೆಂಬೂರಿನ ಮನೆಯಲ್ಲಿ ಫೋನ್ ಹಿಡಿದು ಕೂತಿದ್ದ. ಅವನಿಗೆ ಮಾಡಲು ಏನೂ ಇರಲಿಲ್ಲ. ನಡುವೆ ಒಂದು ಯಂತ್ರ ತೊದಲಿತು. ಅವಳು ಅದನ್ನು ನಿಲ್ಲಿಸಿ ಬೇರೆಯದನ್ನು ಎಬ್ಬಿಸಿದಳು. ಆಡುವವರಿಗೆ ಗೊತ್ತೂ ಆಗಲಿಲ್ಲ. ತಿಲಕ್ ಸೆಮಿಫೈನಲ್ಲಿನಲ್ಲಿ ನಾಗಪುರದ ಒಬ್ಬ ಹುಡುಗಿಯ ಕೈಗೆ ಸಿಕ್ಕು ಸೋತ. ಫೋನ್ ಮಾಡಿ ನೆಪ ಹೇಳಲು ಹವಣಿಸಿದ. ಕಡೆಗೆ "ಈ ಸಲ ದನಿ ಸರಿಯಿತ್ತು, ನಾನೇ ತಪ್ಪಿದೆ" ಎಂದು ಒಪ್ಪಿಕೊಂಡ. ಗೆದ್ದದ್ದು ಪುಣೆಯ ಶಾಲೆ.

ಆಮೇಲಿನ ತಿಂಗಳುಗಳಲ್ಲಿ ಅದೇ ಕ್ರಮ ನಡೆಯಿತು. ಭಾನುವಾರ ಬಂತೆಂದರೆ ನಾಗರತ್ನಾ ಯಂತ್ರಗಳ ಪಹರೆಗೆ ಕೂರಬೇಕು. ಒಂದು ದಿನ ಸಂದೀಪನೇ ಮಾತು ತೆಗೆದ. "ನಿನಗೆ ಜ್ವರ ಬಂದ್ರೆ ಯಾರು ನೋಡುವುದು? ನಾನಿದ್ದೇನೆ, ಸರಿ. ಇಬ್ಬರೂ ಇಲ್ಲದಿದ್ರೆ?"

ಅವನ ಮಾತು ಸರಿಯಾಗಿತ್ತು. ಪುಣೆಯ ಶಾಲೆಯಲ್ಲಿ ಸಂಗೀತ ಕಲಿಸುವ ವಾರಿಜಾ ಎಂಬವಳು ಆಟದ ನಿಯಮಗಳಲ್ಲಿ ಬಲು ಕಟ್ಟುನಿಟ್ಟು, ಅವಳಿಗೂ ಕಣ್ಣಿಲ್ಲ. ನಾಗರತ್ನಾ ಫೋನಿನಲ್ಲೇ ಅವಳಿಗೆ ಖಾತೆ ತೆರೆಯುವುದು, ಯಂತ್ರ ಎಬ್ಬಿಸುವುದು, ಮಲಗಿಸುವುದು ಹೇಳಿಕೊಟ್ಟಳು. ವಾರಿಜಾ ಒಂದು ಸಲ ನಡೆಯುತ್ತಿದ್ದ ಯಂತ್ರವನ್ನೇ ಮಲಗಿಸಿ ಎಲ್ಲರ ಕೈಲಿ ಬೈಸಿಕೊಂಡಳು. ಎರಡನೆಯ ಸಲ ಹಾಗಾಗಲಿಲ್ಲ.

ಮಳೆಗಾಲದ ಪಂದ್ಯಾವಳಿಯಲ್ಲಿ ಪಹರೆ ವಾರಿಜಾಳದ್ದು. ಮುಂಬೈಯ ತಂಡಕ್ಕೆ ಒಬ್ಬರು ಕಡಿಮೆ ಬಿದ್ದಿದ್ದರು. "ನಾಗುತಾಯಿ, ಬರ್ರಿ ಸುಮ್ನೆ," ಎಂದ ತಿಲಕ್. ಆಟ ಕಟ್ಟಿದವಳು ಪಂದ್ಯದಲ್ಲಿ ಒಂದು ಸಲವೂ ಆಡಿರಲಿಲ್ಲ. ಹೆಡ್‌ಫೋನ್ ಹಾಕಿಕೊಂಡಳು. ಬಾಗಿಲಲ್ಲಿ ಹನುಮವ್ವ, ಅವಳ ಹಿಂದೆ ಖಂಡಪ್ಪ ಬಂದು ನಿಂತರು. ಸವಾರಿಯ ಪಾಳಿ ಬಂದಿತು. ಉಸಿರೆಳೆದುಕೊಂಡು ಕಬಡ್ಡಿ ಕಬಡ್ಡಿ ಎಂದು ಎದುರಿನ ಅಂಗಳಕ್ಕೆ ನುಗ್ಗಿದಳು. ಬಲಗಡೆಯವನನ್ನು ಮುಟ್ಟಿದಳು. ತಿರುಗಿದಳು. ತಿರುಗುವ ಮುನ್ನ ತನ್ನ ದನಿಯೂ ಒಂದು ಎಳೆ ಮೇಲೇರಿದ್ದು ಅವಳಿಗೆ ಗೊತ್ತಾಗಲಿಲ್ಲ. ಎಡಗಡೆಯಿಂದ ಹುಬ್ಬಳ್ಳಿಯ ಹುಡುಗನೊಬ್ಬ ಅದನ್ನು ಕೇಳಿ ಥಟ್ಟನೆ ಹಿಡಿದುಬಿಟ್ಟ.

"ಔಟಾದೆ," ಎಂದು ಅವಳು ಏದುಸಿರು ಬಿಡುತ್ತ ಅಪ್ಪ ಅವ್ವನಿಗೆ ಹೇಳಿದಳು. ಮುಂದಿನ ಪಾಳಿಗೆ ಕಾಯುತ್ತ ನೀರು ಕುಡಿದಳು.